ಕೈಗೆ ಗೊತ್ತಿರುವುದನ್ನು ಕಾಗದಕ್ಕೆ ಇಳಿಸೋಣ

ಹಂಪಸಾಗರ,
ಹಗರಿಬೊಮ್ಮನಹಳ್ಳಿ ತಾಲ್ಲೂಕು, ವಿಜಯನಗರ ಜಿಲ್ಲೆ.

ಹಗರಿಬೊಮ್ಮನಹಳ್ಳಿ, ಹಡಗಲಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ಬಿಡುವು ಸಿಕ್ಕಾಗಲೆಲ್ಲ ಕಡ್ಡಿ-ದಾರ ಹಿಡಿಯುವ ಎಲ್ಲ ಅವ್ವಂದಿರಿಗೆ, ಅಕ್ಕ-ತಂಗಿಯರಿಗೆ,



ನಾನೂ ನಿಮ್ಮ ಹಾಗೆಯೇ ಮುಸುರೆ ತೊಳೆದು, ರೊಟ್ಟಿ ಬುಟ್ಟಿ ಮುಚ್ಚಿಟ್ಟ ಮೇಲೆ ಕಟ್ಟೆಗೆ ಬಂದು ಕೂತು ಹೆಣೆಯುವವಳು. ಮಾರುವುದಕ್ಕೆ ಹೆಣೆಯುವುದಿಲ್ಲ. ಹೆಣೆಯದಿದ್ದರೆ ದಿನ ಮುಗಿದಂತೆ ಅನಿಸುವುದಿಲ್ಲ, ಅದಕ್ಕೆ ಹೆಣೆಯುತ್ತೇನೆ. ಇಪ್ಪತ್ತು ವರ್ಷದಲ್ಲಿ ಎಷ್ಟು ಟೋಪಿ, ಎಷ್ಟು ಮಫ್ಲರ್, ಎಷ್ಟು ಬಾಗಿಲ ತೋರಣ ಈ ಕೈಯಿಂದ ಹೋದವೋ ಲೆಕ್ಕವಿಟ್ಟಿಲ್ಲ. ಲೆಕ್ಕವಿಡದೆ ಇದ್ದದ್ದು ತಪ್ಪು ಎಂದು ಈಗ ಅನಿಸಿದೆ. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ಹೋದ ವರ್ಷ ಕಾರ್ತಿಕದಲ್ಲಿ ನಮ್ಮ ದೊಡ್ಡವ್ವ ತೀರಿಕೊಂಡಳು. ತಿಂಗಳು ಕಳೆದ ಮೇಲೆ ಅವಳ ಟ್ರಂಕು ತೆಗೆದೆವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ನೀರು ನಿಂತಾಗ ಹೊಳೆದಂಡೆಯ ಎಷ್ಟೋ ಮನೆಗಳು ಎದ್ದು ಎತ್ತರಕ್ಕೆ ಬಂದವಲ್ಲ, ಆಗ ಚಕ್ಕಡಿಯಲ್ಲಿ ಬಂದ ಟ್ರಂಕು ಅದು. ಒಳಗೆ ಎರಡು ಇಳಕಲ್ ಸೀರೆ, ಗಿಳಿಗಳಿದ್ದ ಒಂದು ತೋರಣ, ನಮ್ಮಲ್ಲಿ ಯಾವ ಮಗುವಿಗೆ ಹಾಕಿದ್ದೋ ಗೊತ್ತಾಗದ ಒಂದು ಕುಲಾವಿ ಇದ್ದವು. ಎಲ್ಲಕ್ಕೂ ಕೆಳಗೆ ಅರ್ಧಕ್ಕೆ ನಿಂತ ಒಂದು ಗೇಣಿನ ಪಟ್ಟಿ ಇತ್ತು. ಕ್ರೋಶಾ ಕಡ್ಡಿ ಕೊನೆಯ ಕುಣಿಕೆಯಲ್ಲಿ ಹಾಗೇ ಸಿಕ್ಕಿಕೊಂಡಿತ್ತು.

ಅದನ್ನು ಅವಳು ಹುಣಸೆಕಾಯಿ ಅನ್ನುತ್ತಿದ್ದಳು. ಏರಿ ಇಳಿದು ಬಾಗುವ ಗೆರೆ, ನಿಜಕ್ಕೂ ಕೊಂಬೆಯಲ್ಲಿ ಜೋತ ಹುಣಸೆಕಾಯಿಯ ಹಾಗೆಯೇ. ಅವಳು ಇದ್ದಾಗ ಒಮ್ಮೆ ಕೇಳಿದ್ದೆ, ಇದರ ಲೆಕ್ಕ ಹೇಳು ದೊಡ್ಡವ್ವ ಅಂತ. “ಕೈಗೆ ಗೊತ್ತೈತವ್ವ, ಬಾಯಿಗೆ ಬರಂಗಿಲ್ಲ” ಅಂದಿದ್ದಳು. ಅವತ್ತೇ ಪಕ್ಕದಲ್ಲಿ ಕೂತು ಅವಳ ಬೆರಳು ನೋಡಿ ಎಣಿಸಿಕೊಂಡಿದ್ದರೆ ಅರ್ಧ ತಾಸಿನ ಕೆಲಸ. ನಾಳೆ ಕೇಳಿದರಾಯಿತು ಅಂದುಕೊಂಡೆ. ಆಮೇಲೆ ಅವಳ ಕೈ ನಡುಗತೊಡಗಿತು. ಆಮೇಲೆ ಅವಳೇ ಇಲ್ಲ.

ಆ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಸೂಜಿಯಿಂದ ಒಂದೊಂದೇ ಕಂಬ ಮುಟ್ಟಿ ಎಣಿಸಿ, ಬೇರೆ ದಾರದಲ್ಲಿ ಹಾಕಿ, ತಪ್ಪಿ, ಬಿಚ್ಚಿ, ಮತ್ತೆ ಹಾಕಿ, ಹನ್ನೊಂದು ಸಂಜೆ ಕಳೆದವು. ಕೊನೆಗೆ ಸಿಕ್ಕಿತು. ಒಂದು ಕಡೆ ಒಂದೇ ತೂತಿನಲ್ಲಿ ಮೂರು ಕಂಬ, ಆಮೇಲೆ ಐದು ಕಂಬ ಸುಮ್ಮನೆ, ಆಮೇಲೆ ಮೂರು ಕಂಬ ಅರ್ಧರ್ಧ ಎಳೆದು ಒಂದಾಗಿ ಮುಗಿಸುವುದು, ಮತ್ತೆ ಐದು ಕಂಬ. ಹೆಚ್ಚುವುದೂ ಎರಡು, ಇಳಿಯುವುದೂ ಎರಡು. ಹಾಗಾಗಿ ಗೆರೆ ಎಷ್ಟು ಬಾಗಿದರೂ ಪಟ್ಟಿಯ ಅಗಲ ಒಂದೇ ಸಮ ಇರುತ್ತದೆ. ಎಲ್ಲ ಹದಿನಾಲ್ಕರ ಲೆಕ್ಕ. ಇದನ್ನು ಹೀಗೆ ನಾಲ್ಕು ಸಾಲಿನಲ್ಲಿ ಬರೆಯಬಹುದು, ನೋಡಿ. ದೊಡ್ಡವ್ವನ ಇಡೀ ಬದುಕಿನ ಒಂದು ನಮೂನೆ ಈ ನಾಲ್ಕು ಸಾಲು ಇಲ್ಲದೆ ಹೋಗಿಬಿಡುತ್ತಿತ್ತು.

ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಅಂಥ ಟ್ರಂಕು ಇರುತ್ತದೆ. ಅಂಥ ದೊಡ್ಡವ್ವ ಇನ್ನೂ ಕಣ್ಣೆದುರು ಇದ್ದರೆ ನೀವು ಭಾಗ್ಯವಂತರು.

ನಾನು ಈ ವರ್ಷ ಏನೇನು ಮುಗಿಸಿದೆ, ಯಾವ ಯಾವ ನಮೂನೆ ಎಲ್ಲೆಲ್ಲಿ ಸಿಕ್ಕಿತು ಎಂದು ಮೊದಲು ಹೇಳುತ್ತೇನೆ. ಓದುತ್ತಾ ನಿಮಗೆ ನಿಮ್ಮದು ನೆನಪಾಗಲಿ.

ನಮ್ಮ ಸೀಮೆಯಲ್ಲಿ ಹೆಣಿಗೆ ಎಂದರೆ ಮೊದಲು ಬರುವ ಪ್ರಶ್ನೆ ಒಂದೇ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಸುಡುವ ಊರಿಗೆ ಉಲ್ಲನ್ ಯಾಕೆ? ಕೇಳುವವರು ಪುಷ್ಯಮಾಸದ ನಸುಕಿನಲ್ಲಿ ಹಿನ್ನೀರಿನ ದಂಡೆಗೆ ಬಂದು ನೋಡಬೇಕು. ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಎದ್ದು ಹೊಲಕ್ಕೆ ನೀರು ಹಾಯಿಸಲು ಹೋಗುವವರನ್ನು, ಮಂಜಿನಲ್ಲೇ ಬಲೆ ಎತ್ತುವ ಮೀನುಗಾರರನ್ನು, ಕುರಿಹಟ್ಟಿಯಲ್ಲಿ ಬಯಲಿಗೇ ಮಲಗುವವರನ್ನು, ತಿಂಗಳು ತುಂಬದ ಕೂಸುಗಳನ್ನು ಕೇಳಬೇಕು. ವರ್ಷದಲ್ಲಿ ಎರಡು-ಮೂರು ತಿಂಗಳ ಚಳಿಯಾದರೂ ತಲೆ, ಕಿವಿ, ಕುತ್ತಿಗೆಗೆ ಹೊದಿಕೆ ಬೇಕೇ ಬೇಕು. ಅದಕ್ಕೇ ನಾನು ಮೈತುಂಬ ಸ್ವೆಟರ್ ಹಾಕುವುದು ಕಡಿಮೆ. ನನ್ನ ಕೈ ಓಡುವುದೆಲ್ಲ ಸಣ್ಣ ವಸ್ತುಗಳಿಗೆ.

ಈ ವರ್ಷದ ಮೊದಲ ಕೆಲಸ ಮೂರು ಕೂಸಿನ ಟೋಪಿಗಳು. ತೊಟ್ಟಿಲ ಕಾರ್ಯಕ್ಕೆ ತವರಿನಿಂದ ಕುಪ್ಪಸ-ಕುಲಾವಿ ಒಯ್ಯುವುದು ನಮ್ಮಲ್ಲಿ ಹಳೆಯ ವಾಡಿಕೆ. ಬಟ್ಟೆಯ ಕುಲಾವಿ ಹೊಲಿಯುವವರು, ಬೆನ್ನ ಮೇಲೆ ಇಳಿಬೀಳುವ ಕುಂಚಿಗೆ ಹೊಲಿಯುವವರು ಕಡಿಮೆಯಾದರು. ಹಾಗಾಗಿ ಕ್ರೋಶಾ ಟೋಪಿ ಅದರ ಜಾಗಕ್ಕೆ ಬಂದಿದೆ. ಹೊಸದಾಗಿ ಕಲಿಯುವವರು ಟೋಪಿಯಲ್ಲೇ ಸೋಲುತ್ತಾರೆ. ಒಂದೋ ನೆತ್ತಿ ಚೂಪಾಗುತ್ತದೆ, ಇಲ್ಲವೇ ಅಂಚು ಹಪ್ಪಳದಂತೆ ನಿರಿಗೆಗಟ್ಟುತ್ತದೆ. ಅದಕ್ಕೆ ಆರರ ಲೆಕ್ಕ ಹಿಡಿಯಿರಿ. ಗಿಡ್ಡ ಕಂಬದಲ್ಲಿ ಮೊದಲ ಸುತ್ತಿಗೆ 6, ಎರಡನೆಯದಕ್ಕೆ 12, ಮೂರನೆಯದಕ್ಕೆ 18, ಹೀಗೆ ಸುತ್ತಿಗೆ ಆರಾರು ಏರುತ್ತಾ ಹೋದರೆ ಚಕ್ರ ಸಪಾಟಾಗಿ ಹರಡುತ್ತದೆ. ಏರಿಸುವುದನ್ನು ನಿಲ್ಲಿಸಿದ ಕೂಡಲೇ ಗೋಡೆ ಎದ್ದು ಟೋಪಿಯಾಗುತ್ತದೆ. ಎಲ್ಲಿ ನಿಲ್ಲಿಸಬೇಕು? ತಲೆಯ ಸುತ್ತಳತೆಯ ಮೂರರಲ್ಲೊಂದು ಪಾಲಿಗಿಂತ ತುಸು ಕಡಿಮೆ ಅಗಲ ಬಂದಾಗ. ಆಗಷ್ಟೇ ಹುಟ್ಟಿದ ಕೂಸಿನ ತಲೆ ಸುಮಾರು 35 ಸೆಂಟಿಮೀಟರ್ ಸುತ್ತು. ಚಕ್ರ 11 ಸೆಂಟಿಮೀಟರ್ ಆದಾಗ ಏರಿಕೆ ನಿಲ್ಲಿಸಿ. ಟೋಪಿಗೆ ಮಣಿ ಪೋಣಿಸಬೇಡಿ, ಕೂಸು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ದೊಡ್ಡ ತೂತಿನ ನಮೂನೆಯೂ ಬೇಡ, ಅದರಲ್ಲಿ ಎಳೆ ಬೆರಳು ಸಿಕ್ಕಿಕೊಳ್ಳುತ್ತದೆ.

ಎರಡನೆಯದು ನನಗೆ ಎಲ್ಲಕ್ಕಿಂತ ಪ್ರೀತಿಯ ನಮೂನೆ. ಅದು ಸಿಕ್ಕಿದ್ದು ಮಳೆಯಲ್ಲಿ ಕುರಿ ಕಾಯುತ್ತಿದ್ದ ಒಬ್ಬ ಅಜ್ಜನ ತಲೆಯ ಮೇಲೆ. ಕಂಬಳಿಯನ್ನು ಒಂದು ಮೂಲೆಗೆ ಮಡಚಿ ಕೊಪ್ಪೆ ಹಾಕಿಕೊಂಡು ನಿಂತಿದ್ದರು. ಒಂದು ಹೊಲಿಗೆಯಿಲ್ಲ, ಗುಂಡಿಯಿಲ್ಲ, ತಲೆ-ಬೆನ್ನು ಎರಡೂ ಬೆಚ್ಚಗೆ. ಅದನ್ನೇ ನೋಡಿಕೊಂಡು ಒಂದು ಉದ್ದ ಪಟ್ಟಿ ಹಾಕಿದೆ. ಅಗಲ ಒಂದು ಗೇಣು ನಾಲ್ಕು ಬೆರಳು, ಉದ್ದ ಏಳು ಗೇಣು. ಎರಡು ಸೀದಾ ಎರಡು ಉಲ್ಟಾ, ಬೇರೆ ಏನೂ ಇಲ್ಲ. ಪಟ್ಟಿಯನ್ನು ನಡುವಿಗೆ ಮಡಚಿ, ಮಡಿಕೆಯಿಂದ ಶುರುಮಾಡಿ ಒಂದು ಕಡೆಯ ಅಂಚನ್ನಷ್ಟೇ ಒಂದೂಕಾಲು ಗೇಣು ಹೊಲಿದರೆ ತಲೆಗೆ ಕೊಪ್ಪೆಯಾಯಿತು. ಇಳಿಬಿದ್ದ ಎರಡು ತುದಿ ಕುತ್ತಿಗೆಗೆ ಮಫ್ಲರ್ ಆಯಿತು. ರಾತ್ರಿ ನೀರು ಹಾಯಿಸಲು ಹೋಗುವ ನಮ್ಮ ಮಾವನವರಿಗೆ ಕೊಟ್ಟೆ. ಎರಡು ಕೈಯೂ ಖಾಲಿ ಇರುತ್ತವೆ, ಬಗ್ಗಿ ಪೈಪು ತಿರುಗಿಸಿದರೂ ಜಾರುವುದಿಲ್ಲ ಅಂದರು. ಈಗ ನಮ್ಮ ಓಣಿಯಲ್ಲಿ ನಾಲ್ಕು ಕೊಪ್ಪೆ ಓಡಾಡುತ್ತಿವೆ.

ಮೂರನೆಯದು ಅಂಕಸಮುದ್ರದ ಮಫ್ಲರ್. ನಮ್ಮದೇ ತಾಲ್ಲೂಕಿನ ಅಂಕಸಮುದ್ರ ಕೆರೆಯ ಜಾಲಿಮರಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುವುದು ನಿಮಗೆ ಗೊತ್ತೇ ಇದೆ. 2024ರಲ್ಲಿ ಅದಕ್ಕೆ ಲೋಕದ ಮುಖ್ಯ ಜೌಗುನೆಲಗಳಿಗೆ ಕೊಡುವ ರಾಮ್ಸಾರ್ ತಾಣದ ಮಾನ್ಯತೆ ಬಂತು. ಅಲ್ಲಿ ಬಣ್ಣದ ಕೊಕ್ಕರೆ ರೆಕ್ಕೆ ಮಡಚಿ ನಿಂತಾಗ ನೋಡಿ. ಮೈ ಬಿಳಿ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಹತ್ತಿರ ನಸುಗೆಂಪು. ಅದೇ ಕ್ರಮದಲ್ಲಿ ಬಣ್ಣ ಹಾಕಿದೆ. ಉದ್ದಕ್ಕೂ ಬಿಳಿ, ಕುತ್ತಿಗೆಯಿಂದ ಎದೆಗೆ ಇಳಿಯುವಲ್ಲಿ ಕಪ್ಪು-ಬಿಳಿ ಹಲ್ಲು ಹಲ್ಲಾದ ಪಟ್ಟಿ, ಎರಡೂ ತುದಿಗೆ ತೆಳು ಗುಲಾಬಿ. ಹಾಕಿಕೊಂಡು ಪೇಟೆಗೆ ಹೋದ ನನ್ನ ತಂಗಿಯನ್ನು ಇದು ಯಾವ ಡಿಸೈನು ಎಂದು ಇಬ್ಬರು ಕೇಳಿದರಂತೆ. ಅಂಕಸಮುದ್ರದ್ದು ಅಂದಳಂತೆ. ನನಗೆ ಅಷ್ಟು ಸಾಕು.

ನಾಲ್ಕನೆಯದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ದೊಡ್ಡವ್ವನ ಟ್ರಂಕಿನ ಇಳಕಲ್ ಸೀರೆಯೊಂದರ ಸೆರಗಿನಲ್ಲಿ ಕಸೂತಿ ಇತ್ತು. ಗೋಪುರ, ತುಳಸಿಕಟ್ಟೆ, ತೇರು. ಕಸೂತಿಗೆ ಅಚ್ಚು ಇರುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಹಾಕುವುದು. ಗವಂತಿ, ಮುರಗಿ, ನೇಗಿ, ಮೆಂತೆ, ನಾಲ್ಕೂ ಹೊಲಿಗೆ ಎಳೆ ಲೆಕ್ಕದವೇ. ಎಳೆ ಲೆಕ್ಕ ಎಂದರೆ ಚೌಕದ ಲೆಕ್ಕ. ಚೌಕದ ಲೆಕ್ಕ ಎಂದರೆ ಹೆಣಿಗೆಗೆ ಸೀದಾ ಇಳಿಸಬಹುದು! ಮಗನ ಒಂದನೇ ಇಯತ್ತೆಯ ಚೌಕಳಿ ಲೆಕ್ಕದ ಪುಸ್ತಕದಲ್ಲಿ ಗೋಪುರವನ್ನು ಬರೆದುಕೊಂಡೆ. ಕಡ್ಡಿಯಲ್ಲಿ ಹಾಕಿದೆ. ಮುಗಿದಾಗ ಗೋಪುರ ಯಾರೋ ಮೇಲಿನಿಂದ ಒತ್ತಿದ ಹಾಗೆ ಕುಳ್ಳಾಗಿತ್ತು.

ಕಾರಣ ಹುಡುಕಿದೆ. ಸೀದಾ ಹೆಣಿಗೆಯ ಒಂದು ಕುಣಿಕೆ ಚೌಕವಲ್ಲ. ಅದರ ಅಗಲ ಹೆಚ್ಚು, ಎತ್ತರ ಕಡಿಮೆ. ಒಂದು ಅಂಗುಲ ಅಗಲಕ್ಕೆ ಐದು ಕುಣಿಕೆ ಹಿಡಿದರೆ ಒಂದು ಅಂಗುಲ ಎತ್ತರಕ್ಕೆ ಸುಮಾರು ಏಳು ಸಾಲು ಬೇಕು. ಅಂದರೆ ಕಸೂತಿಯ ಐದು ಸಾಲನ್ನು ಏಳಾಗಿ ಹಿಗ್ಗಿಸಬೇಕು, ಐದರಲ್ಲಿ ಎರಡು ಸಾಲನ್ನು ಎರಡೆರಡು ಸಲ ಹಾಕಬೇಕು. ಹಾಗೆ ಮಾಡಿದೆ, ಗೋಪುರ ನೆಟ್ಟಗೆ ನಿಂತಿತು. ಕ್ರೋಶಾದಲ್ಲಿ ಹಾಕುವವರಿಗೆ ಇನ್ನೂ ಸುಲಭ. ತುಂಬಿದ ಮನೆ, ಖಾಲಿ ಮನೆ ಎಂದು ಎರಡೇ ಬಗೆ. ತುಂಬಿದ್ದಕ್ಕೆ ಸಾಲಾಗಿ ಕಂಬ, ಖಾಲಿಗೆ ಒಂದು ಕಂಬ ಎರಡು ಸರಪಳಿ. ಮನೆಗೆ ಮೂರರಂತೆ ಎಣಿಸಿ, ಕೊನೆಯ ಗೋಡೆಗೆ ಒಂದು ಸೇರಿಸಿ. ಹತ್ತು ಮನೆಯ ಗೋಪುರಕ್ಕೆ 31. ಆ ತುಳಸಿಕಟ್ಟೆಯನ್ನು ಬಿಳಿ ಹತ್ತಿ ದಾರದಲ್ಲಿ ಕೈಚೀಲಕ್ಕೆ ಹಾಕಿದ್ದೇನೆ. ಸೆರಗಿನ ಮೇಲೆ ಬೆರಳಗಲ ಇದ್ದದ್ದು ಚೀಲದ ಮೇಲೆ ಅಂಗೈ ಅಗಲ ಆಗಿದೆ. ನಮ್ಮ ಬಾಗಿಲ ಮುಂದಿನ ಚುಕ್ಕಿ ರಂಗೋಲಿಯನ್ನೂ ಇದೇ ರೀತಿ ಚೌಕಕ್ಕೆ ಇಳಿಸಬಹುದು. ದಿನಾ ಬೆಳಗ್ಗೆ ನೆಲದ ಮೇಲೆ ಬರೆದು ಸಂಜೆಗೆ ಅಳಿಸಿಹೋಗುವ ಎಷ್ಟು ನಮೂನೆಗಳಿವೆ ನಮ್ಮ ಬಳಿ!

ಐದನೆಯದು ಕಂಬಳಿ ನೂಲಿನ ಮೊಬೈಲ್ ಚೀಲ. ಬಳ್ಳಾರಿ ಕುರಿ ಎಂದು ನಮ್ಮ ಸೀಮೆಯ ಹೆಸರಿನಲ್ಲೇ ಒಂದು ತಳಿಯಿದೆ. ಅದರ ಉಣ್ಣೆ ಒರಟು, ಕುತ್ತಿಗೆಗೆ ಸುತ್ತಿದರೆ ಚುಚ್ಚುತ್ತದೆ. ನಮ್ಮ ಕುರುಬ ಹಟ್ಟಿಗಳಲ್ಲಿ ಕುರಿ ಕಾಯುತ್ತಲೇ ಗಂಡಸರು ಕದರು ತಿರುಗಿಸುತ್ತಿದ್ದರು. ಮನೆಯಲ್ಲಿ ಹೆಂಗಸರು ರಾಟೆಯಲ್ಲಿ ನೂಲುತ್ತಿದ್ದರು. ಹುಣಸೆಬೀಜದ ಗಂಜಿ ಕೊಟ್ಟು ಕುಣಿಮಗ್ಗದಲ್ಲಿ ನೇಯ್ದ ಕಂಬಳಿ ಮಳೆಗೂ ಚಳಿಗೂ ಒಂದೇ. ಹಡಗಲಿ ತಾಲ್ಲೂಕಿನ ಮೈಲಾರದ ಗೊರವಪ್ಪಗಳ ಹೆಗಲ ಮೇಲೆ ಇರುವುದೂ ಕಂಬಳಿಯೇ, ಮನೆಯಲ್ಲಿ ದೇವರ ಕಾರ್ಯಕ್ಕೆ ಗದ್ದುಗೆ ಹಾಸುವುದೂ ಕಂಬಳಿಯೇ. ಈಗ ಉಣ್ಣೆಗೆ ಬೆಲೆಯಿಲ್ಲ, ಕತ್ತರಿಸಿದ ಮೇಲೆ ಎಷ್ಟೋ ಕಡೆ ಹಾಗೇ ಬಿಸಾಡುತ್ತಾರೆ. ಪರಿಚಯದ ಹಟ್ಟಿಯಿಂದ ಎರಡು ಉಂಡೆ ಕಪ್ಪು ನೂಲು ತಂದೆ. ಮೈಗೆ ತಾಗುವ ವಸ್ತುವಿಗೆ ಅದು ಬೇಡ. ಚೀಲ, ಕೂರುವ ಆಸನ, ಬಾಗಿಲ ಮುಂದಿನ ಹಾಸು, ಇವಕ್ಕೆ ಅದರಷ್ಟು ಬಾಳಿಕೆಯ ದಾರ ಇನ್ನೊಂದಿಲ್ಲ.

ದಾರದ ಮಾತು ಬಂದದ್ದರಿಂದ ನನ್ನ ಕೈಯಿಂದಾದ ಒಂದು ತಪ್ಪು ಹೇಳಿಬಿಡುತ್ತೇನೆ, ನಿಮ್ಮ ಮನೆಯಲ್ಲಿ ಆಗಬಾರದು. ಪೇಟೆಯಲ್ಲಿ ಉಲ್ಲನ್ ಎಂದು ನಾವು ಕೊಳ್ಳುವ ಬಣ್ಣಬಣ್ಣದ ಉಂಡೆ ಬಹುಪಾಲು ಉಣ್ಣೆಯಲ್ಲ, ಅಕ್ರಿಲಿಕ್. ಇದು ಗೊತ್ತಿಲ್ಲದೆ ವರ್ಷಗಳ ಹಿಂದೆ ಅದರಲ್ಲೇ ಚಂದದ ಎರಡು ಮಸಿಬಟ್ಟೆ ಹೆಣೆದೆ. ಮೊದಲ ದಿನವೇ ಬಿಸಿ ಹಂಚು ಹಿಡಿದಾಗ ದಾರ ಕರಗಿ ಬೆರಳಿಗೆ ಅಂಟಿತು. ಗಾಯ ಮಾಯಲು ಹದಿನೈದು ದಿನ ಬೇಕಾಯಿತು. ಅಂದಿನಿಂದ ಯಾವ ದಾರ ತಂದರೂ ಎರಡಂಗುಲದ ಒಂದು ಚೂರನ್ನು ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸುತ್ತೇನೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೂದಿ ಮುಟ್ಟಿದರೆ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆಯ ಬೂದಿ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಒಲೆ ಹತ್ತಿರದ ವಸ್ತುವಿಗೆ ಹತ್ತಿಯನ್ನೇ ಹಾಕಿ. ಕೂಸಿಗೆ ಅಕ್ರಿಲಿಕ್ ಟೋಪಿ ಹಾಕಿ ಬೆಂಕಿ ಕಾಯಿಸುವಲ್ಲಿ ಕೂರಿಸಬೇಡಿ.

ಇಷ್ಟೂ ನಮೂನೆ ಸಿಕ್ಕಿದ್ದು ಎಲ್ಲಿ ನೋಡಿ. ಟ್ರಂಕಿನಲ್ಲಿ, ಕುರಿಗಾರನ ತಲೆಯ ಮೇಲೆ, ಕೆರೆಯ ಮರದಲ್ಲಿ, ಸೀರೆಯ ಸೆರಗಿನಲ್ಲಿ. ಮೊಬೈಲಿನಲ್ಲಿ ನೋಡಿ ಕಲಿಯುವುದು ತಪ್ಪಲ್ಲ, ನಾನೂ ಕಲಿತಿದ್ದೇನೆ. ಆದರೆ ಅಲ್ಲಿ ಸಿಗದಿರುವುದು ನಮ್ಮ ಕಾಲ ಕೆಳಗೇ ಇದೆ. ಹಡಗಲಿಯ ಅಕ್ಕಂದಿರೇ, ನಿಮ್ಮ ಮಲ್ಲಿಗೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಇದೆ. ಆ ಮೊಗ್ಗನ್ನು ಮೊಳಕ್ಕೆ ಮೊಳ ಕಟ್ಟುವ ನಿಮ್ಮ ಬೆರಳಿನ ಗಂಟು ಎಷ್ಟು ಬಗೆಯದು ಎಂದು ಯಾರು ಬರೆದಿದ್ದಾರೆ? ಹಿನ್ನೀರಿನ ಮೀನುಗಾರರ ಮನೆಯ ತಾಯಂದಿರೇ, ಬಲೆಯ ಕಣ್ಣು ಒಂದೇ ಅಳತೆಗೆ ಬರಲೆಂದು ನೀವು ಪಟ್ಟಿ ಇಟ್ಟು ಗಂಟು ಹಾಕುತ್ತೀರಲ್ಲ, ಆ ಅಳತೆಯನ್ನು ನಾನು ತೋರಣದ ಜಾಳಿಗೆಗೆ ಕಡ ತಂದಿದ್ದೇನೆ. ಪ್ಲಾಸ್ಟಿಕ್ ವೈರಿನ ಬುಟ್ಟಿ ಹೆಣೆಯುವವರು, ಹಳೆ ಸೀರೆಯ ಕೌದಿ ಹೊಲಿಯುವವರು, ನೀವೂ ಈ ಪತ್ರಕ್ಕೆ ಸೇರಿದವರೇ.

ಇನ್ನು ತಾಂಡಾಗಳ ಅಕ್ಕ-ತಂಗಿಯರಿಗೆ ಒಂದು ಮಾತು. ಸಂಡೂರು ಲಂಬಾಣಿ ಕಸೂತಿಗೂ ಭೌಗೋಳಿಕ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ ಜೊತೆಗೆ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಹಾಕಿದ 1,755 ಕಸೂತಿ ಚೂರುಗಳನ್ನು ಒಟ್ಟಿಗೆ ಇಟ್ಟರು, ಅದು ಗಿನ್ನೆಸ್ ದಾಖಲೆಯಾಯಿತು. ಒಬ್ಬೊಬ್ಬರ ಸಣ್ಣ ಸಣ್ಣ ಚೂರು ಒಟ್ಟಿಗೆ ಬಂದಾಗ ಲೋಕ ತಿರುಗಿ ನೋಡಿತು. ಕೊಡದ ಸಿಂಬಿಯ ಹಿಂದೆ ಇಳಿಬೀಳುವ ನಿಮ್ಮ ಕವಡೆ-ಕನ್ನಡಿಯ ಬಟ್ಟೆ ನೋಡಿದಾಗಲೆಲ್ಲ ನನಗೆ ಅದನ್ನು ಹೆಣಿಗೆಯಲ್ಲಿ ಹಾಕುವ ಆಸೆ. ಆದರೆ ಕೇಳದೆ ಹಾಕುವುದಿಲ್ಲ. ಅದು ನಿಮ್ಮ ಅಜ್ಜಿಯರದು. ಕಲಿಸಿದರೆ ಕಲಿಯುತ್ತೇನೆ, ಕಲಿಸಿದವರ ಹೆಸರು, ತಾಂಡಾದ ಹೆಸರು ಪಕ್ಕದಲ್ಲಿ ಬರೆಯುತ್ತೇನೆ. ಉಳಿದವರೂ ಹಾಗೆಯೇ ಮಾಡಬೇಕೆಂದು ಬೇಡಿಕೊಳ್ಳುತ್ತೇನೆ. ಹಾಗೆಯೇ, ಹಳೆಯ ಕಾಂಚಳಿಯನ್ನೋ ಚೀಲವನ್ನೋ ವ್ಯಾಪಾರಿಗೆ ಕೊಡಲೇಬೇಕಾದ ಕಷ್ಟ ಬಂದರೆ ಕೊಡುವ ಮುಂಚೆ ಹೊಲಿಗೆ ಕಾಣುವಂತೆ ಎರಡೂ ಕಡೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಬರೆದಿಡುವುದರಿಂದ ಏನಾಗುತ್ತದೆ ಎಂದು ಕೇಳಬಹುದು. ಬಿಜಾಪುರ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ಬೀಸುಕಲ್ಲಿನ ಹಾಡು ಕೇಳಿ ಬರೆದುಕೊಂಡರು. ಅದಕ್ಕೇ “ಗರತಿಯ ಹಾಡು” ಇವತ್ತು ನಮ್ಮ ಕೈಯಲ್ಲಿದೆ. ಬೀಸುಕಲ್ಲು ಮೂಲೆಗೆ ಸೇರಿದರೂ ಹಾಡು ಉಳಿಯಿತು. ಹಾಡಿದ ಅದೇ ಹೆಣ್ಣುಮಕ್ಕಳ ಕೈಯಲ್ಲೂ ಒಂದು ವಿದ್ಯೆ ಇತ್ತು. ಹಾಡು ಬಾಯಲ್ಲಿತ್ತು, ಕೇಳಿದವರು ಬರೆದರು. ಹೆಣಿಗೆ ಕೈಯಲ್ಲಿತ್ತು, ಕೇಳಿಸಲಿಲ್ಲ. ಅಮೆರಿಕದಲ್ಲಿ ಬಾರ್ಬರಾ ವಾಕರ್ ಎಂಬ ಹೆಣ್ಣುಮಗಳು ನೂರಾರು ಹೆಣಿಗೆ ನಮೂನೆಗಳನ್ನು ಕೂಡಿಹಾಕಿ, ಒಂದೊಂದನ್ನೂ ಹೆಣೆದು ನೋಡಿ, 1968ರಲ್ಲಿ ಪುಸ್ತಕ ಮಾಡಿದಳು. ಅರ್ಧ ಶತಮಾನ ಕಳೆದರೂ ಜನ ಅದನ್ನು ತೆರೆದು ಹೆಣೆಯುತ್ತಾರೆ. ಒಬ್ಬಳಿಂದ ಅಷ್ಟಾದರೆ ಐದು ತಾಲ್ಲೂಕಿನ ನಮ್ಮೆಲ್ಲರಿಂದ ಎಷ್ಟಾಗಬಾರದು?

ಬರೆಯಬೇಕಾದದ್ದು ಇನ್ನೊಂದಿದೆ, ಹೊತ್ತು. ಆಂಧ್ರದ ಗೋದಾವರಿ ದಂಡೆಯ ನರಸಾಪುರದಲ್ಲಿ ಹೆಣ್ಣುಮಕ್ಕಳು ತಲೆಮಾರುಗಳಿಂದ ಕ್ರೋಶಾ ಲೇಸು ಹೆಣೆಯುತ್ತಾರೆ, ಅದು ಪರದೇಶಕ್ಕೆ ಹೋಗುತ್ತದೆ. ಮರಿಯಾ ಮೀಸ್ ಎಂಬ ಜರ್ಮನ್ ವಿದ್ವಾಂಸೆ ಅವರ ನಡುವೆ ಇದ್ದು 1982ರಲ್ಲಿ ಪುಸ್ತಕ ಬರೆದರು. ಮನೆಗೆಲಸದ ಜೊತೆ ದಿನಕ್ಕೆ ತಾಸುಗಟ್ಟಲೆ ದುಡಿದರೂ ಅದಕ್ಕೆ ಬಿಡುವಿನ ಕೆಲಸ ಎಂಬ ಹೆಸರಿದ್ದುದರಿಂದ ಅವರಿಗೆ ಸಿಗುತ್ತಿದ್ದ ಕೂಲಿ ತೀರಾ ಕಡಿಮೆ, ಲಾಭ ವ್ಯಾಪಾರಿಗಳಿಗೆ ಎಂದು ತೋರಿಸಿದರು. ನಾವು ಪ್ರೀತಿಗೆ ಹೆಣೆಯುವವರು. ಮೊಮ್ಮಗಳಿಗೆ, ನೆರೆಮನೆಯ ಕೂಸಿಗೆ ಕೊಡುವಾಗ ಲೆಕ್ಕ ಬೇಡ. ಆದರೆ ಯಾರಾದರೂ ದುಡ್ಡು ಕೊಟ್ಟು ಕೇಳಿದಾಗ “ಸುಮ್ಮನೆ ಕೂತಾಗ ಹಾಕಿದ್ದು, ದಾರದ ದುಡ್ಡು ಕೊಡ್ರಿ ಸಾಕು” ಅನ್ನಬೇಡಿ. ನನ್ನ ಕೊಪ್ಪೆಗೆ ಹಿಡಿದದ್ದು ಹದಿನೆಂಟು ತಾಸು. ಅದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಬರೆದಾಗಲೇ ನನಗೂ ಗೊತ್ತಾದದ್ದು.

ಈಗ ನನ್ನ ಬಿನ್ನಹ. ನಾಲ್ಕೇ ಇವೆ.

ಮೊದಲನೆಯದು, ಈ ದೀಪಾವಳಿಗೆ ಮನೆ ಸಾರಿಸಿ ಗುಡಿಸುವಾಗ ಟ್ರಂಕು, ಅಟ್ಟ ನೋಡಿ. ಹಳೆಯ ತೋರಣ, ಕುಲಾವಿ, ಟೇಬಲ್ ಹೊದಿಕೆ ಹರಿದಿದ್ದರೂ ಎಸೆಯಬೇಡಿ. ಮಸಿ ಒರೆಸುವುದಕ್ಕೆ ಹಾಕುವ ಮುಂಚೆ ಒಂದು ಸಲ ಬೆಳಕಿಗೆ ಹಿಡಿದು ಎಣಿಸಿ.

ಎರಡನೆಯದು, ಮನೆಯ ಹಿರಿಯರ ಪಕ್ಕ ಕೂತುಕೊಳ್ಳಿ. ಲೆಕ್ಕ ಹೇಳು ಅನ್ನಬೇಡಿ, ಹೇಳಲು ಅವರಿಗೆ ಬರುವುದಿಲ್ಲ. ದಾರ ಕೊಟ್ಟು ಹಾಕು ಅನ್ನಿ. ಅವರು ಹಾಕುತ್ತಿರಲಿ, ನೀವು ಎಣಿಸಿ. ಮೊಬೈಲನ್ನು ಅವರ ಮುಖಕ್ಕಲ್ಲ, ಬೆರಳಿಗೆ ಹಿಡಿಯಿರಿ.

ಮೂರನೆಯದು, ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಗುರುತು ನೋಡಿ ಎಷ್ಟೋ ಹುಡುಗಿಯರು ಕಡ್ಡಿಯನ್ನೇ ಕೆಳಗಿಡುತ್ತಾರೆ. ನಾವು ನಮ್ಮ ಓಣಿಯಲ್ಲಿ ಹೀಗೆ ಮಾಡಿಕೊಂಡಿದ್ದೇವೆ. ಸೀದಾಕ್ಕೆ “ಸೀ”, ಉಲ್ಟಾಕ್ಕೆ “ಉ”, ಸರಪಳಿಗೆ “ಸ”, ಗಿಡ್ಡ ಕಂಬಕ್ಕೆ “ಗಿ”, ಉದ್ದ ಕಂಬಕ್ಕೆ “ಕಂ”. “ಸೀ 2, ಉ 2” ಎಂದು ಬರೆದರೆ ಐದನೇ ಇಯತ್ತೆಯ ಮಗುವೂ ಓದಿ ಹೆಣೆಯುತ್ತದೆ. ಹೆಣ್ಣು ಮಗುವೇ ಆಗಬೇಕೆಂದಿಲ್ಲ. ನಮ್ಮ ಕುರಿಗಾರ ಅಜ್ಜಂದಿರು ದಾರಿಯುದ್ದಕ್ಕೂ ನೂಲು ತೆಗೆದವರೇ, ಅವರ ಮೊಮ್ಮಕ್ಕಳಿಗೇನು ಅಡ್ಡಿ?

ನಾಲ್ಕನೆಯದು, ಪ್ರತಿ ನಮೂನೆಗೂ ನಾಲ್ಕು ಅಂಗುಲದ ಒಂದು ಚೂರು ಹೆಣೆದು ಚೌಕಳಿ ಪುಸ್ತಕಕ್ಕೆ ಹೊಲಿಯಿರಿ. ಪಕ್ಕದಲ್ಲಿ ಮೂರು ಸಾಲು ಸಾಕು. ಮನೆಯಲ್ಲಿ ಕರೆಯುವ ಹೆಸರು, ಕಲಿಸಿದವರ ಹೆಸರು, ಊರು. ಒಂದು ಪ್ರತಿ ನಿಮ್ಮ ಬಳಿ ಇರಲಿ, ಇನ್ನೊಂದನ್ನು ನಿಮ್ಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಕೊಡಿ. ಅಲ್ಲಿ ಕಥೆ ಪುಸ್ತಕಗಳ ಸಾಲಿನಲ್ಲಿ ನಮ್ಮ ಪುಸ್ತಕವೂ ನಿಲ್ಲಲಿ. ಹುಣಸೆಕಾಯಿಗೆ ಹರಪನಹಳ್ಳಿಯಲ್ಲಿ ಬೇರೆ ಹೆಸರಿದ್ದರೆ ಅದೂ ಇರಲಿ, ಕೊಟ್ಟೂರಿನಲ್ಲಿ ಹದಿನಾಲ್ಕರ ಬದಲು ಹದಿನೆಂಟರ ಲೆಕ್ಕವಿದ್ದರೆ ಅದೂ ಇರಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ಸಂತೋಷ ಎಂಥದು ಎಂದು ನಿಮಗೆ ಹೇಳಬೇಕಿಲ್ಲ.

ನನ್ನ ಪುಸ್ತಕದಲ್ಲಿ ಈಗ ಇಪ್ಪತ್ತಮೂರು ಚೂರುಗಳಿವೆ. ಮೊದಲ ಹಾಳೆಯಲ್ಲಿ ಹುಣಸೆಕಾಯಿ ಇದೆ. ಕಲಿಸಿದವರು ಎಂಬಲ್ಲಿ ದೊಡ್ಡವ್ವನ ಹೆಸರು ಬರೆದಿದ್ದೇನೆ. ಕಲಿಸದೆ ಹೋದಳು ಎಂದು ಅಂದುಕೊಂಡಿದ್ದೆ, ಅದು ನಿಜವಲ್ಲ. ಅರ್ಧ ಪಟ್ಟಿಯಲ್ಲಿ ಪೂರ್ತಿ ಲೆಕ್ಕ ಇತ್ತು, ಕೂತು ಎಣಿಸುವವರು ಬೇಕಿತ್ತು. ಆ ಪಟ್ಟಿಯನ್ನು ನಾನು ಬಿಚ್ಚಲಿಲ್ಲ. ಕಡ್ಡಿ ಎಲ್ಲಿ ನಿಂತಿತ್ತೋ ಅಲ್ಲಿಂದಲೇ ಮುಂದೆ ಹಾಕುತ್ತಿದ್ದೇನೆ. ಅವಳ ದಾರ ತುಸು ಮಾಸಿದೆ, ನನ್ನದು ಹೊಸದು, ಸೇರಿದ ಜಾಗ ಕಾಣುತ್ತದೆ. ಕಾಣಲಿ ಎಂದೇ ಬಿಟ್ಟಿದ್ದೇನೆ.

ಸಂಕ್ರಾಂತಿಯ ಹೊತ್ತಿಗೆ ನಿಮ್ಮ ನಿಮ್ಮ ಊರಿನಲ್ಲಿ ಒಂದು ಮಧ್ಯಾಹ್ನ ಯಾರದಾದರೂ ಕಟ್ಟೆಯ ಮೇಲೆ ಸೇರಿ. ಎಳ್ಳು ಹಂಚುವ ಹಾಗೆ ಒಂದೊಂದು ನಮೂನೆ ಹಂಚಿಕೊಳ್ಳಿ. ಹಂಪಸಾಗರದ ಕಡೆ ಬಂದರೆ ನಮ್ಮ ಓಣಿಗೂ ಬನ್ನಿ. ಕಡ್ಡಿ ತರುವುದು ಮರೆತರೂ ಚಿಂತೆಯಿಲ್ಲ, ನನ್ನ ಹತ್ತಿರ ಇವೆ.

ಇಂತಿ ನಿಮ್ಮ ವಿಶ್ವಾಸಿ,
ಹಂಪಸಾಗರದ ಒಬ್ಬ ಹೆಣಿಗೆಯ ಅಕ್ಕ